ಹೆಣ್ಣುಮಕ್ಕಳು ಗಂಡಸರ ಗಾಲ್ಫ್ ಟೂರ್ನಿಯಲ್ಲಿ ಆಡಬೇಕಾ? ಮೊದಲು ಟೀ ಎಲ್ಲಿದೆ ನೋಡಿ

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ. ನಾಲ್ಕು ವರ್ಷದಿಂದ ಗಾಲ್ಫ್ ಆಡುತ್ತಾಳೆ. ಜೊತೆಗೆ ಆಡುವ ಹುಡುಗರನ್ನು ಎಷ್ಟೋ ಸಲ ಸೋಲಿಸಿದ್ದಾಳೆ. ಮುಂದೆ ಗಂಡಸರ ಪ್ರೊ ಟೂರ್ನಿಯಲ್ಲೇ ಆಡುತ್ತೇನೆ ಅನ್ನುತ್ತಾಳೆ. ನಮ್ಮ ಅಣ್ಣ ಮಾತ್ರ, "ಹಾಗೆ ಹೋದ ಹೆಂಗಸರೆಲ್ಲ ಎರಡೇ ದಿನಕ್ಕೆ ಮನೆಗೆ ಬಂದಿದ್ದಾರೆ. ಸುಮ್ನೆ ಮರ್ಯಾದೆ ಕಳ್ಕೊಳ್ಳೋದು ಯಾಕೆ?" ಅನ್ನುತ್ತಾರೆ. ಹೆಣ್ಣುಮಕ್ಕಳು ಗಂಡಸರ ಜೊತೆ ಸ್ಪರ್ಧೆಗೆ ಇಳಿಯುವುದು ಸರಿಯೇ? ದಯವಿಟ್ಟು ತಿಳಿಸಿ.
– ಒಬ್ಬ ತಾಯಿ, ತೀರ್ಥಹಳ್ಳಿ

ಉತ್ತರ: ನಿಮ್ಮ ಪತ್ರ ಓದಿ ಖುಷಿಯಾಯಿತು ತಾಯಿ. ಓದುತ್ತಿದ್ದಂತೆ ಒಂದು ಪ್ರಶ್ನೆಯೂ ಎದ್ದಿತು. ಮಗಳು ಹುಡುಗರನ್ನು ಸೋಲಿಸಿದ್ದು ಯಾವ ಟೀಯಿಂದ? ಹುಡುಗರು ಹೊಡೆಯುವ ಜಾಗದಿಂದಲೋ, ಹೆಣ್ಣುಮಕ್ಕಳಿಗೆ ಅಂತ ಮುಂದೆ ಇಟ್ಟಿರುವ ಟೀಯಿಂದಲೋ? ಪತ್ರದಲ್ಲಿ ಅದನ್ನು ನೀವು ಬರೆದಿಲ್ಲ. ಇದು ಸಣ್ಣ ವಿಷಯ ಅಲ್ಲ. ನೀವು ಕೇಳಿದ್ದಕ್ಕೆ ನನ್ನ ಉತ್ತರವೆಲ್ಲ ಆ ಜಾಗದ ಸುತ್ತಲೇ ಇದೆ.

ಆಟ ಗೊತ್ತಿಲ್ಲದೆ ಇದನ್ನು ಓದುತ್ತಿರುವವರಿಗೆ ಎರಡು ಮಾತು. ಗಾಲ್ಫ್‌ನಲ್ಲಿ ಮೊದಲ ಹೊಡೆತ ಹೊಡೆಯುವ ಜಾಗಕ್ಕೆ ಟೀ ಅಂತಾರೆ. ಟೀಯಿಂದ ಚೆಂಡು ಬೀಳಬೇಕಾದ ಗುಳಿಯವರೆಗಿನ ದಾರಿಗೆ ಹೋಲ್ ಅಂತಾರೆ. ಒಂದೇ ಹೋಲ್‌ಗೆ ಮೂರು ನಾಲ್ಕು ಟೀ ಇರುತ್ತವೆ, ಒಂದರ ಹಿಂದೆ ಒಂದು. ಒಟ್ಟು ಕಡಿಮೆ ಹೊಡೆತಕ್ಕೆ ಮುಗಿಸಿದವರೇ ಗೆದ್ದಂತೆ. ಪ್ರೊ ಗಂಡಸರು ತೀರಾ ಹಿಂದಿನದರಿಂದ ಆಡುತ್ತಾರೆ. ದೊಡ್ಡ ಟೂರ್ನಿಗಳು ಸಾಮಾನ್ಯವಾಗಿ ನಾಲ್ಕು ದಿನ ನಡೆಯುತ್ತವೆ. ಎರಡು ದಿನ ಆದ ಮೇಲೆ ಲೆಕ್ಕ ಹಾಕಿ ಹೆಚ್ಚುಕಡಿಮೆ ಅರ್ಧ ಜನರನ್ನು ಮನೆಗೆ ಕಳಿಸುತ್ತಾರೆ. ಅದಕ್ಕೆ ಕಟ್ ಅಂತಾರೆ. ನಿಮ್ಮ ಅಣ್ಣ ಹೇಳಿದ "ಎರಡೇ ದಿನ" ಇದೇ.

ಮರ್ಯಾದೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಟೂರ್ನಿ ನಡೆದ ವಾರಗಳಲ್ಲೆಲ್ಲ ಎಷ್ಟೋ ಗಂಡಸರು ಕಟ್ ದಾಟಲಾಗದೆ ಬ್ಯಾಗ್ ಎತ್ತಿಕೊಂಡು ಹೊರಡುತ್ತಾರೆ. ಅವರ ಮರ್ಯಾದೆ ಹೋಯಿತು ಅಂತ ಯಾರೂ ಅನ್ನಲ್ಲ. ಮುಂದಿನ ವಾರ ಇನ್ನೊಂದು ಊರಿಗೆ ಹೋಗಿ ಆಡುತ್ತಾರೆ. ಹೆಣ್ಣುಮಗಳು ದಾಟದಿದ್ದರೆ ಮಾತ್ರ ಅದು ಹೆಂಗಸರೆಲ್ಲರ ಸೋಲು ಅನ್ನಿಸುವುದು ಯಾಕೆ? ಒಬ್ಬಳ ತಲೆ ಮೇಲೆ ಅಷ್ಟು ಭಾರ ಹೊರಿಸುವುದು ನ್ಯಾಯ ಅಲ್ಲ.

ಇನ್ನು "ಗಂಡಸರ ಟೂರ್ನಿ" ಅನ್ನುವ ಮಾತು. ಗಂಡಸರ ದೊಡ್ಡ ಪ್ರೊ ಟೂರ್ನಿಗಳ ಸರಣಿಯಾದ ಅಮೆರಿಕದ ಪಿಜಿಎ ಟೂರ್‌ನಲ್ಲಿ ಹೆಂಗಸರು ಆಡಬಾರದು ಅಂತ ನಿಯಮವೇ ಇಲ್ಲ. ಯುಎಸ್ ಓಪನ್‌ನ ಅರ್ಹತಾ ಸುತ್ತಿಗೆ ಪ್ರೊ ಆದವರು ಅರ್ಜಿ ಹಾಕಬಹುದು, ತುಂಬ ಕಡಿಮೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಬಿಟ್ಟುಕೊಡುವ ಹೊಡೆತಗಳ ಲೆಕ್ಕ) ಇರುವ ಹವ್ಯಾಸಿಗಳೂ ಹಾಕಬಹುದು. ಗಂಡೋ ಹೆಣ್ಣೋ ಅಂತ ಕೇಳುವುದಿಲ್ಲ. ಬ್ರಿಟನ್ನಿನ ದಿ ಓಪನ್ ಕೂಡ 2005ರಲ್ಲಿ ಅರ್ಹತಾ ಸುತ್ತಿಗೆ ಹೆಂಗಸರನ್ನು ಬಿಟ್ಟುಕೊಂಡಿತು. ಮೀಸಲು ಇರುವುದು ಹೆಂಗಸರ ಟೂರ್‌ಗಳಲ್ಲಿ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಾಗಾಗಿ ಅಲ್ಲೆಲ್ಲ ಬಾಗಿಲು ಆಗಲೇ ತೆರೆದಿದೆ. ಎಲ್ಲ ಕಡೆಯೂ ತೆರೆದೇ ಇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಕೋರ್ ತೋರಿಸಿ ಜಾಗ ಗಳಿಸಿದವಳನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಒಳಗೆ ಹೋಗುವುದರಿಂದ ಒಬ್ಬ ಆಟಗಾರ್ತಿಗೆ ಏನು ಸಿಗುತ್ತೆ, ಏನು ಹೋಗುತ್ತೆ ಅನ್ನುವುದು ಬೇರೆ ಮಾತು. ನಿಮಗೆ ಬೇಕಾಗಿರುವುದು ಅದು.

ಹೋದವರ ಕಥೆ ಹೇಳುತ್ತೇನೆ. ಅಮೆರಿಕದ ಬೇಬ್ ಡಿಡ್ರಿಕ್ಸನ್ ಝಹಾರಿಯಾಸ್ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಮತ್ತು ಹರ್ಡಲ್ಸ್‌ಗೆ ಚಿನ್ನ, ಹೈಜಂಪ್‌ಗೆ ಬೆಳ್ಳಿ ಗೆದ್ದವರು. ಆಮೇಲೆ ಗಾಲ್ಫ್ ಹಿಡಿದರು. 1945ರಲ್ಲಿ ಪಿಜಿಎ ಟೂರ್‌ನಲ್ಲಿ ಗಂಡಸರ ಜೊತೆ ಆಡಿ ಕಟ್ ದಾಟಿದರು. ಫೀನಿಕ್ಸ್‌ನ ಟೂರ್ನಿಯನ್ನು 33ನೇ ಸ್ಥಾನದಲ್ಲಿ ಮುಗಿಸಿದರು. ಅವರ ನಂತರ ಆ ಟೂರ್‌ನಲ್ಲಿ ಇನ್ನೊಬ್ಬ ಹೆಣ್ಣುಮಗಳು ಕಟ್ ದಾಟಿಲ್ಲ. ಆ ಮಟ್ಟಿಗೆ ನಿಮ್ಮ ಅಣ್ಣನ ಲೆಕ್ಕ ಸರಿ.

ಮುಂದಿನ ಹೆಸರಿಗೆ 58 ವರ್ಷ ಕಾಯಬೇಕಾಯಿತು. ಸ್ವೀಡನ್ನಿನ ಅನಿಕಾ ಸೊರೆನ್‌ಸ್ಟಾಮ್. 2001ರಲ್ಲಿ ಒಂದೇ ಸುತ್ತನ್ನು 59 ಹೊಡೆತಕ್ಕೆ ಮುಗಿಸಿದ್ದರು. 2002ರಲ್ಲಿ ಅಮೆರಿಕದ ಹೆಂಗಸರ ಪ್ರೊ ಟೂರ್ ಆದ ಎಲ್‌ಪಿಜಿಎ ಟೂರ್‌ನಲ್ಲಿ 11 ಟೂರ್ನಿ ಗೆದ್ದಿದ್ದರು. ಹೆಂಗಸರ ಆಟದಲ್ಲಿ ಅವರಿಗೆ ಸರಿಸಾಟಿ ಇರಲಿಲ್ಲ. 2003ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ಕೊಲೋನಿಯಲ್ ಟೂರ್ನಿಗೆ ಪ್ರಾಯೋಜಕರ ಆಹ್ವಾನ ಬಂತು. ಹೋದರು. ವಿಜಯ್ ಸಿಂಗ್ ಅಂಥ ದೊಡ್ಡ ಆಟಗಾರರೇ ಇದು ಸರಿಯಲ್ಲ ಅಂತ ಬಹಿರಂಗವಾಗಿ ಹೇಳಿದರು. ಒಬ್ಬ ಗಂಡಸಿನ ಜಾಗ ಕಿತ್ತುಕೊಂಡಂತೆ ಅನ್ನುವ ವಾದ. ಪ್ರಾಯೋಜಕರ ಆಹ್ವಾನ ಇರುವುದೇ ಅವರಿಗೆ ಬೇಕಾದವರನ್ನು ಕರೆಯಲು. ಅದರಲ್ಲಿ ಎಷ್ಟೋ ಸಲ ಇನ್ನೂ ಹೆಸರು ಮಾಡದ ಹುಡುಗರು ಆಡುತ್ತಾರೆ. ಆಗ ಯಾರ ಜಾಗವೂ ಹೋಗುವುದಿಲ್ಲ, ಅಲ್ವಾ?

ಮೊದಲ ದಿನ ಅನಿಕಾ 71 ಹೊಡೆದರು. ಪಾರ್, ಅಂದರೆ ಒಳ್ಳೆಯ ಆಟಗಾರರಿಗೆ ಇಷ್ಟು ಹೊಡೆತ ಬೇಕು ಅನ್ನುವ ಲೆಕ್ಕ, ಅದಕ್ಕಿಂತ ಒಂದು ಜಾಸ್ತಿ. ಫೇರ್‌ವೇ ಅಂದರೆ ಕತ್ತರಿಸಿದ ಹುಲ್ಲಿನ ದಾರಿ. 14 ಫೇರ್‌ವೇಗಳಲ್ಲಿ 13ಕ್ಕೆ ಚೆಂಡು ಕೂರಿಸಿದರು. ಅವತ್ತು ಕೈ ಕೊಟ್ಟಿದ್ದು ಗ್ರೀನ್ ಮೇಲಿನ ಪಟ್, ಅಂದರೆ ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಮೇಲೆ ಚೆಂಡು ಉರುಳಿಸುವ ಹೊಡೆತ. ಮರುದಿನ 74 ಆಯಿತು. ನಾಲ್ಕು ಹೊಡೆತದಿಂದ ಕಟ್ ಹೋಯಿತು. ಆಮೇಲೆ ಏನಾಯಿತು ಅನ್ನುವುದನ್ನು ಜನ ನೆನಪಿಟ್ಟಿಲ್ಲ. ತಮ್ಮ ಟೂರ್‌ಗೆ ವಾಪಸ್ ಹೋಗಿ, ಜೂನ್‌ನಲ್ಲಿ ಎಲ್‌ಪಿಜಿಎ ಚಾಂಪಿಯನ್‌ಶಿಪ್, ಆಗಸ್ಟ್‌ನಲ್ಲಿ ಹೆಂಗಸರ ಬ್ರಿಟಿಷ್ ಓಪನ್ ಗೆದ್ದರು. ಅದೇ ವರ್ಷ ಎರಡು ಮೇಜರ್, ಅಂದರೆ ಎಲ್ಲಕ್ಕಿಂತ ದೊಡ್ಡ ಟೂರ್ನಿಗಳು. ಮರ್ಯಾದೆ ಹೋದವರು ಹೀಗೆ ಆಡುವುದಿಲ್ಲ.

ಕೊರಿಯಾದ ಕಥೆ ಬೇರೆ. ಅಲ್ಲಿ 2003ರಲ್ಲಿ ಪಾಕ್ ಸೆ ರಿ ಗಂಡಸರ ಟೂರ್ನಿಯಲ್ಲಿ ಕಟ್ ದಾಟಿ ಹತ್ತನೇ ಸ್ಥಾನಕ್ಕೆ ಬಂದರು. 2006ರಲ್ಲಿ ಅಮೆರಿಕದ ಮಿಶೆಲ್ ವೀ ಕೂಡ ಅಲ್ಲೊಂದು ಟೂರ್ನಿಯಲ್ಲಿ ಕಟ್ ದಾಟಿದರು. ಹಾಗಾಗಿ "ಎಲ್ಲರೂ ವಾಪಸ್" ಅನ್ನುವುದು ಪೂರ್ತಿ ನಿಜ ಅಲ್ಲ ಅಂತ ಅಣ್ಣನಿಗೆ ಹೇಳಿ. ಇತ್ತೀಚೆಗೆ 2023ರಲ್ಲಿ ಅಮೆರಿಕದ ಲೆಕ್ಸಿ ಥಾಂಪ್ಸನ್ ಲಾಸ್ ವೇಗಸ್‌ನಲ್ಲಿ ಪಿಜಿಎ ಟೂರ್‌ನ ಟೂರ್ನಿ ಆಡಿದರು. 73, ಆಮೇಲೆ 69. ಎರಡನೇ ದಿನ ಪಾರ್‌ಗಿಂತ ಎರಡು ಕಡಿಮೆ. ಆದರೂ ಕಟ್ ಸಿಗಲಿಲ್ಲ.

ಇಷ್ಟು ಒಳ್ಳೆಯ ಆಟಗಾರ್ತಿಯರಿಗೆ ಯಾಕೆ ಹೀಗಾಗುತ್ತೆ? ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಎಲ್ಲ ಇರುವುದು ಇಲ್ಲೇ.

ಪಿಜಿಎ ಟೂರ್‌ನ ಗಂಡಸು ಡ್ರೈವರ್ ಅನ್ನುವ, ಎಲ್ಲಕ್ಕಿಂತ ದೂರ ಹೊಡೆಯುವ ಕೋಲಿನಲ್ಲಿ ಸರಾಸರಿ 300 ಗಜ ಹೊಡೆಯುತ್ತಾನೆ. ಎಲ್‌ಪಿಜಿಎ ಆಟಗಾರ್ತಿ ಸುಮಾರು 255 ಗಜ. 450 ಗಜದ ಒಂದು ಪಾರ್ 4 ಹೋಲ್ ತೆಗೆದುಕೊಳ್ಳಿ. ಗಂಡಸಿಗೆ ಇನ್ನು 150 ಗಜ ಉಳಿಯಿತು. ಅವನು ಒಂಬತ್ತು ಅಥವಾ ಎಂಟನೇ ಐರನ್ ಅನ್ನುವ ಕೋಲು ಹಿಡಿಯುತ್ತಾನೆ. ಐರನ್‌ನ ಅಂಕಿ ದೊಡ್ಡದಾದಷ್ಟೂ ಚೆಂಡು ಎತ್ತರಕ್ಕೆ, ಆದರೆ ಕಡಿಮೆ ದೂರ. ಚೆಂಡು ಎತ್ತರಕ್ಕೆ ಹೋಗಿ, ಮೇಲಿನಿಂದ ಇಳಿದು, ಗ್ರೀನ್ ಮೇಲೆ ಕಚ್ಚಿಕೊಂಡು ನಿಲ್ಲುತ್ತೆ. ಹೆಣ್ಣುಮಗಳಿಗೆ 195 ಗಜ ಉಳಿಯಿತು. ಅವಳ ಏಳನೇ ಐರನ್ ಗಾಳಿಯಲ್ಲಿ ಹೋಗುವುದು 140 ಗಜದ ಸುತ್ತಮುತ್ತ. ಗಂಡಸಿನದು 170. ಅವಳು ಹೈಬ್ರಿಡ್ ಅಥವಾ ಫೇರ್‌ವೇ ವುಡ್ ಅನ್ನುವ, ದೂರಕ್ಕೆ ಹೊಡೆಯುವ ಕೋಲು ಹಿಡಿಯಲೇಬೇಕು. ಆ ಚೆಂಡು ಚಪ್ಪಟೆಯಾಗಿ ಬರುತ್ತೆ. ಗಟ್ಟಿ ಗ್ರೀನ್ ಮೇಲೆ ಬಿದ್ದರೆ ನಿಲ್ಲದೆ ಗ್ರೀನ್ ದಾಟಿ ಆಚೆಗೆ ಉರುಳಿ ಹೋಗುತ್ತೆ. ಅಂದರೆ ಅವಳು 45 ಗಜ ಹಿಂದೆ ಬೀಳುವುದಷ್ಟೇ ಅಲ್ಲ, ಬೇರೆಯೇ ಒಂದು ಕಷ್ಟದ ಹೊಡೆತ ಹೊಡೆಯುತ್ತಾಳೆ. ಇಂಥದ್ದು ದಿನಕ್ಕೆ ಹತ್ತಾರು ಸಲ. ನಾಲ್ಕು ದಿನ.

ನಮ್ಮ ಮಳೆಗಾಲ ಇದನ್ನು ಇನ್ನೂ ಚೆನ್ನಾಗಿ ತೋರಿಸುತ್ತೆ. ಜುಲೈನಲ್ಲಿ ಮಲೆನಾಡಿನ ಹುಲ್ಲು ನೆನೆದು ಸ್ಪಂಜಿನ ಹಾಗಿರುತ್ತೆ. ಬಿದ್ದ ಚೆಂಡು ಅಲ್ಲೇ ಹೂತುಕೊಳ್ಳುತ್ತೆ. ಒಂದು ಗಜವೂ ಉರುಳುವುದಿಲ್ಲ. ಎತ್ತರಕ್ಕೆ ಹೊಡೆಯುವವರಿಗೆ ನಷ್ಟ ಕಡಿಮೆ. ಉರುಳಿಕೆಯನ್ನು ನಂಬಿದವರಿಗೆ ಮೂವತ್ತು ಗಜ ಹೋಯಿತು. ಬೇಸಿಗೆಯಲ್ಲಿ ಹುಡುಗರ ಸಮಕ್ಕೆ ಆಡಿದ ಹುಡುಗಿಯರು ಮಳೆಗಾಲದಲ್ಲಿ ಒಂದೇ ಸಲ ನಾಲ್ಕೈದು ಹೊಡೆತ ಹಿಂದೆ ಬೀಳುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಟ ಕೆಟ್ಟಿತು ಅಂತ ಅವರು ಅಳುತ್ತಾರೆ. ಕೆಟ್ಟಿರುವುದಿಲ್ಲ.

ಒಂದು ಹಳೆಯ ವಿಷಯ ಹೇಳಬೇಕು. ನಾನು ಆಗ ಕಲಿಸುತ್ತಿದ್ದ ಒಂದು ಕ್ಲಬ್‌ನಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಮಕ್ಕಳ ಪಂದ್ಯದಲ್ಲಿ ಹುಡುಗರನ್ನೆಲ್ಲ ಸೋಲಿಸಿದಳು. ಹುಡುಗಿಯರಿಗೆ ಕೊಟ್ಟ ಟೀಯಿಂದಲೇ ಆಡಿದ್ದಳು, ನಿಯಮದಲ್ಲೇ ಹಾಗಿತ್ತು. ಆದರೂ "ಮುಂದಿನಿಂದ ಹೊಡೆದರೆ ಯಾರು ಬೇಕಾದ್ರೂ ಗೆಲ್ತಾರೆ" ಅನ್ನುವ ಮಾತು ಬಂತು. ಕಪ್ ಎರಡನೆಯವನಿಗೆ ಹೋಯಿತು. ಅವಳಿಗೆ ಲೇಡೀಸ್ ಬಹುಮಾನ ಅಂತ ಒಂದು ಸ್ಟೀಲ್ ಡಬ್ಬಿ ಕೊಟ್ಟರು. ನಾನು ಅವತ್ತು ಬಾಯಿ ಬಿಡಲಿಲ್ಲ. ಇವತ್ತಿಗೂ ಅದು ಮನಸ್ಸಿನಲ್ಲಿ ಕುಟುಕುತ್ತೆ.

ಮುಂದಿನ ಭಾನುವಾರ ಹುಡುಗರನ್ನು ಕರೆದು ಒಂದು ಪಂದ್ಯ ಇಟ್ಟೆ. ನಿಯಮ ಒಂದೇ. ಪಾರ್ 4, ಪಾರ್ 5 ಹೋಲ್‌ಗಳಲ್ಲಿ ಡ್ರೈವ್ ಹೊಡೆದ ಮೇಲೆ ಚೆಂಡು ಎತ್ತಿಕೊಂಡು ನಲವತ್ತು ಹೆಜ್ಜೆ ಹಿಂದೆ ಬಂದು ಇಡಬೇಕು. ಅಲ್ಲಿಂದ ಎರಡನೇ ಹೊಡೆತ. ಒಂಬತ್ತು ಹೋಲ್ ಆಡಿದರು. ಸಾಮಾನ್ಯವಾಗಿ ನಲವತ್ತರಲ್ಲಿ ಮುಗಿಸುವ ಹುಡುಗ ನಲವತ್ತಾರಕ್ಕೆ ಬಂದ. ಇನ್ನೊಬ್ಬ ಅರ್ಧಕ್ಕೇ ಬಿಟ್ಟ. ಆಮೇಲೆ ಅವರ ಬಾಯಿಂದ "ಮುಂದಿನ ಟೀ" ಅನ್ನುವ ಮಾತು ನಾನು ಕೇಳಲಿಲ್ಲ. ಅದರಲ್ಲಿ ಒಬ್ಬ ಹುಡುಗ ಆ ಹುಡುಗಿಯ ಹತ್ತಿರ ಹೋಗಿ ಉದ್ದದ ಹೊಡೆತ ಹೇಗೆ ಹೊಡೀತೀಯ ಅಂತ ಕೇಳಿ ಕಲಿತ.

ಬಲವೇ ಎಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಎಷ್ಟು ಗಿಡ್ಡ ಮನುಷ್ಯ, ಸ್ಕ್ವೇರ್ ಕಟ್ ಹೊಡೆದರೆ ಚೆಂಡು ಗೆರೆ ದಾಟುವವರೆಗೆ ಯಾರೂ ಅಲ್ಲಾಡುತ್ತಿರಲಿಲ್ಲ. ಆದರೆ ಕ್ರಿಕೆಟ್‌ನಲ್ಲಿ ಬರುವ ಚೆಂಡಿನ ವೇಗವನ್ನೇ ಬಳಸಿಕೊಳ್ಳಬಹುದು. ಗಾಲ್ಫ್‌ನಲ್ಲಿ ಚೆಂಡು ಸುಮ್ಮನೆ ಕೂತಿರುತ್ತೆ. ವೇಗ ಪೂರ್ತಿ ನೀವೇ ಕೊಡಬೇಕು. ಟೂರ್ ಗಂಡಸರ ಡ್ರೈವರ್ ಗಂಟೆಗೆ ಸುಮಾರು 185 ಕಿಲೋಮೀಟರ್ ವೇಗದಲ್ಲಿ ಬೀಸುತ್ತೆ. ಟೂರ್ ಹೆಂಗಸರದು ಸುಮಾರು 153. ಮೈ ಕಟ್ಟಿನಿಂದ ಬರುವ ಅಂತರ ಇದು. ಅಭ್ಯಾಸದಿಂದ ಸ್ವಲ್ಪ ಕಡಿಮೆ ಆಗುತ್ತೆ, ಪೂರ್ತಿ ಹೋಗುವುದಿಲ್ಲ. ಚೆಂಡು ಗ್ರೀನ್‌ಗೆ ಬಂದ ಮೇಲೆ ಕಥೆಯೇ ಬೇರೆ. ಹತ್ತು ಅಡಿ ಪಟ್‌ಗೆ ಗಂಡು ಹೆಣ್ಣು ಅನ್ನುವುದಿಲ್ಲ.

ಬಲ ಬೇಡದ ಕಡೆ ಏನಾಗುತ್ತೆ ನೋಡಿ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಸ್ಕೀಟ್ ಶೂಟಿಂಗ್ ಗಂಡಸರು ಹೆಂಗಸರು ಒಟ್ಟಿಗೇ ಆಡುವ ಸ್ಪರ್ಧೆ. ಗೆದ್ದಿದ್ದು ಚೀನಾದ ಝಾಂಗ್ ಶಾನ್ ಅನ್ನುವ ಹೆಣ್ಣುಮಗಳು. ಮುಂದಿನ ಒಲಿಂಪಿಕ್ಸ್‌ನಲ್ಲಿ ಆ ಸ್ಪರ್ಧೆಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಹೆಂಗಸರ ಸ್ಕೀಟ್ ಬಂದಿದ್ದು 2000ದಲ್ಲಿ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತೆ.

ಹಾಗಾದರೆ ಗಾಲ್ಫ್‌ನಲ್ಲಿ ನ್ಯಾಯವಾದ ಸ್ಪರ್ಧೆ ಹೇಗೆ? ಟೀ ಸರಿಯಾದ ಜಾಗದಲ್ಲಿ ಇಟ್ಟರೆ ಆಗುತ್ತೆ. 2014ರಲ್ಲಿ ಅಮೆರಿಕದ ಪೈನ್‌ಹರ್ಸ್ಟ್ ನಂಬರ್ 2 ಕೋರ್ಸ್‌ನಲ್ಲಿ ಒಂದು ವಾರ ಗಂಡಸರ ಯುಎಸ್ ಓಪನ್, ಮರುವಾರ ಹೆಂಗಸರ ಯುಎಸ್ ಓಪನ್ ನಡೆಯಿತು. ಅದೇ ಹುಲ್ಲು, ಅದೇ ಗ್ರೀನ್. ಗಂಡಸರಿಗೆ ಸುಮಾರು 7,500 ಗಜ, ಹೆಂಗಸರಿಗೆ ಸುಮಾರು 6,600 ಗಜ. ಎರಡನೇ ಹೊಡೆತಕ್ಕೆ ಇಬ್ಬರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಕೋಲು ಬರಬೇಕು ಅನ್ನುವುದು ಉದ್ದೇಶ. ಗಂಡಸರಲ್ಲಿ ಮಾರ್ಟಿನ್ ಕೈಮರ್ ಗೆದ್ದರು. ಹೆಂಗಸರಲ್ಲಿ ಮಿಶೆಲ್ ವೀ.

2022ರಲ್ಲಿ ಸ್ವೀಡನ್ನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಾಲ್ಮ್‌ಸ್ಟಾಡ್‌ನ ಸ್ಕ್ಯಾಂಡಿನೇವಿಯನ್ ಮಿಕ್ಸೆಡ್ ಟೂರ್ನಿ. 78 ಗಂಡಸರು, 78 ಹೆಂಗಸರು. ಟೀ ಬೇರೆ ಬೇರೆ, ಸ್ಕೋರ್ ಬೋರ್ಡ್ ಒಂದೇ, ಕಪ್ ಒಂದೇ. ಸ್ವೀಡನ್ನಿನವರೇ ಆದ ಲಿನ್ ಗ್ರಾಂಟ್ ಪಾರ್‌ಗಿಂತ 24 ಕಡಿಮೆ ಹೊಡೆದು ಒಂಬತ್ತು ಹೊಡೆತದ ಅಂತರದಲ್ಲಿ ಗೆದ್ದರು. ಯುರೋಪಿನ ಗಂಡಸರ ಪ್ರೊ ಟೂರ್ ಆದ ಡಿಪಿ ವರ್ಲ್ಡ್ ಟೂರ್‌ನ ಟೂರ್ನಿ ಗೆದ್ದ ಮೊದಲ ಹೆಣ್ಣುಮಗಳು ಅವರು. ಆ ಟೂರ್ನಿಯ ಆತಿಥೇಯರಲ್ಲಿ ಒಬ್ಬರು ಅನಿಕಾ ಸೊರೆನ್‌ಸ್ಟಾಮ್. ಅವರ ಜೊತೆಯ ಇನ್ನೊಬ್ಬ ಆತಿಥೇಯ ಹೆನ್ರಿಕ್ ಸ್ಟೆನ್ಸನ್, ದಿ ಓಪನ್ ಗೆದ್ದವರು, ಇಲ್ಲಿ ಎರಡನೇ ಸ್ಥಾನ ಹಂಚಿಕೊಂಡರು.

"ಮುಂದಿನಿಂದ ಹೊಡೆದು ಗೆದ್ದಳು" ಅಂತ ಆಗಲೂ ಅಂದವರಿದ್ದಾರೆ. ಅವರಿಗೆ ನಮ್ಮ ಅಡಿಕೆಯ ಮಾತೇ ಉತ್ತರ. ಮೊದಲು ಮರ ಹತ್ತಬಲ್ಲ ಕೊನೆಗಾರ ಬಂದರಷ್ಟೇ ಕೊಯ್ಲು. ಈಗ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು. ಶಿವಮೊಗ್ಗದ ಮಂಡಿಯಲ್ಲಿ ಚೀಲ ಬಿಚ್ಚಿದಾಗ, ಇದು ಹತ್ತಿ ಇಳಿಸಿದ್ದೋ ದೋಟಿಯಲ್ಲಿ ಇಳಿಸಿದ್ದೋ ಅಂತ ಯಾರೂ ಕೇಳಲ್ಲ. ಅಡಿಕೆ ನೋಡುತ್ತಾರೆ. ಅಲ್ಲದೆ ಒಂದು ಲೆಕ್ಕ ಗಮನಿಸಿ. ಹೊಡೆತದ ಉದ್ದದಲ್ಲಿ ಅಂತರ ಸುಮಾರು ಶೇ. 15. ಪೈನ್‌ಹರ್ಸ್ಟ್‌ನಲ್ಲಿ ಕೋರ್ಸ್ ಕಡಿಮೆ ಮಾಡಿದ್ದು ಸುಮಾರು ಶೇ. 12. ಅಂದರೆ ಅಷ್ಟು ಯೋಚಿಸಿ ಇಟ್ಟ ಕಡೆಯೂ, ಹೊಡೆತಕ್ಕೆ ಹೋಲಿಸಿದರೆ ಹೆಂಗಸರಿಗೇ ಕೋರ್ಸ್ ಉದ್ದವಾಗಿತ್ತು!

ಎರಡು ಅಳತೆ ಕಲಸಿದರೆ ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದ ಪ್ರೊ ಆಟಗಾರ್ತಿ ಸೂಜಿ ವೇಲಿ ಅವರ ಕಥೆ ಇದೆ. 2002ರಲ್ಲಿ ಕನೆಟಿಕಟ್‌ನ ಪ್ರೊಗಳ ಚಾಂಪಿಯನ್‌ಶಿಪ್ ಅನ್ನು ಶೇ. 10ರಷ್ಟು ಮುಂದಿನ ಟೀಯಿಂದ ಆಡಿ ಗೆದ್ದರು. ಅದರಿಂದ 2003ರ ಹಾರ್ಟ್‌ಫರ್ಡ್ ಪಿಜಿಎ ಟೂರ್ನಿಗೆ ಅರ್ಹತೆ ಸಿಕ್ಕಿತು. ಅಲ್ಲಿ ಮಾತ್ರ ಗಂಡಸರ ಟೀಯಿಂದಲೇ ಆಡಬೇಕಾಯಿತು. 75, 78 ಆಯಿತು. ಆಮೇಲೆ ಅರ್ಹತೆಯ ಆ ನಿಯಮವನ್ನು ಬದಲಾಯಿಸಿದರು. ವೇಲಿ ಅಲ್ಲಿಗೆ ನಿಲ್ಲಲಿಲ್ಲ. 2018ರಲ್ಲಿ ಗಾಲ್ಫ್ ಪ್ರೊಗಳ ಸಂಘವಾದ ಪಿಜಿಎ ಆಫ್ ಅಮೆರಿಕದ ಮೊದಲ ಮಹಿಳಾ ಅಧ್ಯಕ್ಷೆ ಆದರು.

ಈಗ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ. ಅವಳಿಗೆ 16. ಮಿಶೆಲ್ ವೀ 14ನೇ ವಯಸ್ಸಿಗೇ, 2004ರಲ್ಲಿ, ಹವಾಯಿಯ ಸೋನಿ ಓಪನ್‌ನಲ್ಲಿ ಗಂಡಸರ ಜೊತೆ ಆಡಿದರು. 72, 68. ಒಂದೇ ಒಂದು ಹೊಡೆತದಿಂದ ಕಟ್ ತಪ್ಪಿತು. ಜಗತ್ತೇ ಬೆರಗಾಯಿತು. ಆಮೇಲೆ ಆಹ್ವಾನದ ಮೇಲೆ ಆಹ್ವಾನ. 18 ತುಂಬುವಷ್ಟರಲ್ಲಿ ಪಿಜಿಎ ಟೂರ್‌ನಲ್ಲಿ ಏಳು ಸಲ ಆಡಿದರು. ಒಮ್ಮೆಯೂ ಕಟ್ ದಾಟಲಿಲ್ಲ. ನಡುವೆ ಮಣಿಕಟ್ಟಿಗೆ ಪೆಟ್ಟಾಯಿತು. ಹೆಂಗಸರ ಟೂರ್‌ನಲ್ಲಿ ಮೊದಲ ಗೆಲುವು ಬಂದಿದ್ದು 2009ರಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ಆ ವಯಸ್ಸಿನಲ್ಲಿ ಅಷ್ಟು ಸಲ ಕರೆದೊಯ್ದಿದ್ದು ತಪ್ಪು. ಗೆಲ್ಲುವುದನ್ನು ಗೆದ್ದೇ ಕಲಿಯಬೇಕು. ಕೊನೆಯ ದಿನ, ಕೊನೆಯ ಮೂರು ಹೋಲ್, ಒಂದು ಹೊಡೆತ ಮುಂದಿದ್ದಾಗ ಕೈ ನಡುಗುತ್ತಲ್ಲ, ಆ ನಡುಕವನ್ನು ಮತ್ತೆ ಮತ್ತೆ ಅನುಭವಿಸಬೇಕು. ಎರಡನೇ ದಿನವೇ ಮನೆಗೆ ಹೋದರೆ ಅದು ಸಿಗುವುದಿಲ್ಲ. ಅನಿಕಾ ಹೋದಾಗ ಗೆಲ್ಲುವುದನ್ನು ಪೂರ್ತಿ ಕಲಿತಿದ್ದರು. ವ್ಯತ್ಯಾಸ ಅದು.

ಹಾಗಾಗಿ ಅವಳ ಆಸೆಗೆ ತಣ್ಣೀರು ಹಾಕಬೇಡಿ. ಆದರೆ ದಾರಿ ಹೀಗೆ ಇರಲಿ. ಇಂಡಿಯನ್ ಗಾಲ್ಫ್ ಯೂನಿಯನ್ ನಡೆಸುವ ಜೂನಿಯರ್ ಟೂರ್ನಿಗಳಲ್ಲಿ ಹುಡುಗಿಯರ ವಿಭಾಗದಲ್ಲಿ ಆಡಲಿ, ಗೆಲ್ಲಲಿ. ಕ್ಲಬ್‌ನಲ್ಲಿ ಹ್ಯಾಂಡಿಕ್ಯಾಪ್ ಪಂದ್ಯ ಇದ್ದರೆ ಗಂಡಸರ ಜೊತೆ ಧಾರಾಳವಾಗಿ ಆಡಲಿ, ಹ್ಯಾಂಡಿಕ್ಯಾಪ್ ಇರುವುದೇ ಅದಕ್ಕೆ. ತಿಂಗಳಿಗೆ ಎರಡು ಸಲ ಹುಡುಗರ ಟೀಯಿಂದ ಅಭ್ಯಾಸ ಮಾಡಲಿ. ಸ್ಕೋರ್ ಬರೆಯುವುದು ಬೇಡ. ಉದ್ದದ ಎರಡನೇ ಹೊಡೆತ ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ.

ಪಟ್‌ಗೆ ಮಾತ್ರ ದಿನಾ ಒಂದು ಗಂಟೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನಕ್ಕೆ ಬಂದರಲ್ಲ, ಒಂದೇ ಹೊಡೆತದಿಂದ ಕಂಚು ತಪ್ಪಿತು. ಆ ಟೂರ್ನಿಯಲ್ಲಿ ಅವರ ಡ್ರೈವ್ ಬಹುಪಾಲು ಎಲ್ಲರಿಗಿಂತ ಗಿಡ್ಡ. ಅವರನ್ನು ಅಲ್ಲಿಯವರೆಗೆ ತಂದಿದ್ದು ಪಟರ್. ಆಗ ಬ್ಯಾಗ್ ಹೊತ್ತು ಕ್ಯಾಡಿಯಾಗಿ ಜೊತೆ ನಡೆದವರು ಅವರ ಅಮ್ಮ. ಇದನ್ನು ನಿಮಗೆ ಅಂತಲೇ ಬರೆಯುತ್ತಿದ್ದೇನೆ.

ಗಂಡಸರ ಟೂರ್ನಿಯ ಆಸೆ ಹಣದ್ದೂ ಆಗಿರಬಹುದು, ಅದರಲ್ಲಿ ತಪ್ಪಿಲ್ಲ. 2024ರಲ್ಲಿ ಗಂಡಸರ ಯುಎಸ್ ಓಪನ್ ಬಹುಮಾನ 2.15 ಕೋಟಿ ಡಾಲರ್, ಹೆಂಗಸರದ್ದು 1.2 ಕೋಟಿ. ಅಂತರ ದೊಡ್ಡದೇ. ಅದು ತುಂಬಬೇಕಾದ್ದು ಹೆಂಗಸರ ಟೂರ್ನಿಯ ಬಹುಮಾನ ಹೆಚ್ಚಿಸಿ.

ಒಂದು ಕೆಲಸ ಮಾಡಿ. ಈಗಲೇ ಬೇಡ, ಮಳೆ ಬಿಟ್ಟು ನೆಲ ಒಣಗಲಿ. ನವೆಂಬರ್‌ನಲ್ಲಿ ಗಾಳಿ ಇಲ್ಲದ ಒಂದು ಬೆಳಿಗ್ಗೆ ಅವಳು ಡ್ರೈವರ್‌ನಿಂದ ಹತ್ತು ಚೆಂಡು, ಏಳನೇ ಐರನ್‌ನಿಂದ ಹತ್ತು ಚೆಂಡು ಹೊಡೆಯಲಿ. ಬಿದ್ದ ಜಾಗ ಒಂದು, ಉರುಳಿ ನಿಂತ ಜಾಗ ಒಂದು, ಎರಡನ್ನೂ ಬೇರೆ ಬೇರೆ ಅಳೆಯಿರಿ. ತೀರಾ ಉದ್ದ ಹೋದ ಎರಡು, ತೀರಾ ಗಿಡ್ಡವಾದ ಎರಡು ಬಿಟ್ಟು ಉಳಿದ ಆರರ ಸರಾಸರಿ ತೆಗೆಯಿರಿ. ಶಿವಮೊಗ್ಗದಲ್ಲೇ ಅಳೆಯಿರಿ. ಚಿಕ್ಕಮಗಳೂರಿನ ಕೋರ್ಸ್ ಸಾವಿರ ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿ ತೆಳು, ಚೆಂಡು ಸ್ವಲ್ಪ ಜಾಸ್ತಿ ಹೋಗುತ್ತೆ, ಲೆಕ್ಕ ತಪ್ಪುತ್ತೆ. ಆ ನಾಲ್ಕು ಅಂಕಿಗಳನ್ನೂ, ಹುಡುಗರನ್ನು ಸೋಲಿಸಿದ್ದು ಯಾವ ಟೀಯಿಂದ ಅನ್ನುವುದನ್ನೂ ನನಗೆ ಬರೆದು ಕಳಿಸಿ. ಮುಂದಿನ ವರ್ಷ ಯಾವ ಟೂರ್ನಿಗೆ ಹೆಸರು ಕೊಡಬೇಕು ಅಂತ ಆಗ ಹೇಳುತ್ತೇನೆ.